ನೆಟ್ಟಾ ಹ್ಯಾಲಿಡೇ ಎತ್ತಿದ ಕೈ

ಕ್ರಾಸ್‌ಬರ್ನ್ ಊರಿನ ಬಗೆಹರಿಯದ ಜಗಳಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನೆಟ್ಟಾ ಹ್ಯಾಲಿಡೇಯ ಮುಂದೆ. ಕುರಿನಾಯಿಗಳ ಪಂದ್ಯದಲ್ಲಿ ಯಾರ ನಾಯಿ ಮೊದಲು ಗೆರೆ ದಾಟಿತು, ಚರ್ಚಿನ ಕೇಕ್ ಸ್ಪರ್ಧೆಗೆ ಯಾರು ಅಂಗಡಿಯ ಕೇಕ್ ತಂದು ಮನೆಯದೆಂದು ಇಟ್ಟರು, ಇಬ್ಬರ ಹೊಲದ ನಡುವಿನ ಕಲ್ಲುಗೋಡೆ ಯಾರ ಕಡೆಗೆ ವಾಲಿದೆ, ಎಲ್ಲಕ್ಕೂ "ನೆಟ್ಟಾ ಹೇಳಲಿ" ಎನ್ನುತ್ತಿದ್ದರು. ಅವಳು ಹೇಳಿದ ಮೇಲೆ ಮುಗಿಯಿತು. ಪಾದ್ರಿಯ ಮಾತಿಗೆ ಎದುರಾಡುವವರು ಆ ಊರಲ್ಲಿ ಬೇಕಾದಷ್ಟು ಮಂದಿ ಇದ್ದರು, ನೆಟ್ಟಾಳ ಮಾತಿಗೆ ಒಬ್ಬರೂ ಇರಲಿಲ್ಲ.

ಇಂಥ ಹೆಸರು ಕೇಳುವುದಕ್ಕೆ ಚೆಂದ, ಹೊತ್ತು ತಿರುಗುವುದು ಕಷ್ಟ. ಕುರಿ ಸಂತೆಯ ಕಟ್ಟಡದಲ್ಲಿ ಅವಳು ಮೂವತ್ತು ವರ್ಷದಿಂದ ಕ್ಯಾಂಟೀನ್ ನಡೆಸುತ್ತಿದ್ದಳು. ಬೇಳೆಯ ಸೂಪು, ಕುರಿಮಾಂಸದ ಪೈ, ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಚಹಾ. ಬೇರೆ ಯಾರಾದರೂ ಆಗಿದ್ದರೆ ನಿನ್ನೆಯ ಪೈಯನ್ನು ಬಿಸಿ ಮಾಡಿ "ಈಗಷ್ಟೇ ಇಳಿಸಿದ್ದು" ಎಂದು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ನೆಟ್ಟಾಳಿಗೆ ಆ ಭಾಗ್ಯ ಇರಲಿಲ್ಲ. "ಇದು ಇವತ್ತಿನದಾ?" ಎಂದು ಯಾರಾದರೂ ಕೇಳಿದರೆ ಇಡೀ ಸಾಲು ಕಿವಿ ನಿಮಿರಿಸಿ ನಿಲ್ಲುತ್ತಿತ್ತು. ನಿನ್ನೆಯದು ಎಂದು ಹೇಳಿ ಹೇಳಿ ಸಾಕಾಗಿ, ಸಂತೆಯ ದಿನಗಳಲ್ಲಿ ಬೆಳಗಿನ ಐದಕ್ಕೇ ಎದ್ದು ಹಿಟ್ಟು ಕಲಸುವುದನ್ನು ರೂಢಿ ಮಾಡಿಕೊಂಡಳು. ಹೊಸ ಟೋಪಿ ಹೇಗಿದೆ ಎಂದು ಕೇಳಿದ ಇಬ್ಬರು ಗೆಳತಿಯರನ್ನೂ ಕಳೆದುಕೊಂಡಳು. ಅವಳ ಗಂಡ ಡಾಡ್ ಬಸ್ಸಿನ ಡ್ರೈವರಾಗಿದ್ದು ನಿವೃತ್ತನಾದವನು, ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ಅವನು ಮಾತ್ರ ಅವಳನ್ನು ಏನನ್ನೂ ಕೇಳುತ್ತಿರಲಿಲ್ಲ.

ಈ ಹೆಸರು ಅವಳಿಗೆ ಅಂಟಿಕೊಂಡದ್ದು ಇಪ್ಪತ್ತಾರು ವರ್ಷದ ಹಿಂದೆ, ನಾರ್ವೆಯ ಒಂದು ಬಂದರು ಊರಿನಲ್ಲಿ, ಐಸಿನ ಅಂಗಳದ ಮೇಲೆ.

ಸ್ಕಾಟ್ಲೆಂಡಿನ ಆ ಮೂಲೆಯಲ್ಲಿ ಕರ್ಲಿಂಗ್ ಆಟ ಕುರಿಯಷ್ಟೇ ಹಳೆಯದು. ನೆಟ್ಟಾ ಮತ್ತು ಅವಳ ಅಕ್ಕ ರೋನಾ ಇಬ್ಬರೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಅಪ್ಪನ ಹಿಂದೆ ಜಾರುತ್ತಲೇ ಆಟ ಕಲಿತವರು. ಆಟ ನೋಡಲು ಸರಳ. ಒಬ್ಬಳು ಬಾಗಿ ಇಪ್ಪತ್ತು ಕಿಲೋ ತೂಕದ ಕಲ್ಲನ್ನು ಐಸಿನ ಮೇಲೆ ಜಾರಿಸಿ ಬಿಡುತ್ತಾಳೆ. ಇಬ್ಬರು ಅದರ ಮುಂದೆ ಮುಂದೆ ಪೊರಕೆಯಿಂದ ಐಸನ್ನು ಉಜ್ಜುತ್ತ ಓಡುತ್ತಾರೆ, ಕಲ್ಲು ದೂರ ಹೋಗಲಿ ಎಂದು. ನಾಯಕಿ ಆಚೆ ತುದಿಯಲ್ಲಿ, ಬಳೆಯೊಳಗೆ ಬಳೆ ಬರೆದ 'ಮನೆ'ಯಲ್ಲಿ ನಿಂತು, ಕಲ್ಲು ಎಲ್ಲಿಗೆ ಗುರಿಯಿಟ್ಟು ಹೊರಡಬೇಕು ಎಂಬುದನ್ನು ತನ್ನ ಪೊರಕೆ ಊರಿ ತೋರಿಸುತ್ತಾಳೆ. ಕಲ್ಲು ಬಾಗುತ್ತ ಬರುವುದರಿಂದ ಪೊರಕೆಯನ್ನು ಗುರಿಯ ಮೇಲಲ್ಲ, ಗುರಿಯಿಂದ ಪಕ್ಕಕ್ಕೆ ಊರಬೇಕು. ಎಷ್ಟು ಪಕ್ಕಕ್ಕೆ ಎನ್ನುವುದೇ ನಾಯಕಿಯ ವಿದ್ಯೆ.

ಓಡುವ ಕಲ್ಲಿಗೆ ಉಜ್ಜುವವಳ ಪೊರಕೆ ತಾಗಿದರೆ ಆ ಕಲ್ಲು ಸುಟ್ಟಿತು ಎನ್ನುತ್ತಾರೆ, ಅಲ್ಲಿಂದಲೇ ತೆಗೆದು ಬದಿಗಿಡುತ್ತಾರೆ. ತಾಗಿತೋ ಇಲ್ಲವೋ ಎಂದು ಇನ್ನೊಬ್ಬರು ಬಂದು ಹೇಳುವ ಪದ್ಧತಿ ಇಲ್ಲ. ತಾಗಿಸಿದವಳೇ ಕೈ ಎತ್ತಬೇಕು. ಎತ್ತಿದ ಕೈಯನ್ನು ಯಾರೂ ಪ್ರಶ್ನಿಸುವುದಿಲ್ಲ, ಎತ್ತದ ಕೈಯನ್ನು ಯಾರೂ ಎತ್ತಿಸುವುದಿಲ್ಲ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ, ಆ ಜನ ಹಾಗೆಯೇ ಆಡಿಕೊಂಡು ಬಂದಿದ್ದಾರೆ.

ನಾರ್ವೆಯಲ್ಲಿ ನಡೆದದ್ದು ಯೂರೋಪಿನ ಚಾಂಪಿಯನ್‌ಶಿಪ್. ದೇಶದ ಗಂಡಸರ ತಂಡ ಎರಡು ದಿನ ಮೊದಲೇ ಸೋತು ಗಂಟುಮೂಟೆ ಕಟ್ಟಿತ್ತು. ಹೆಂಗಸರ ತಂಡ ಫೈನಲಿಗೆ ಬಂದಿತ್ತು, ಎದುರಿಗೆ ಸ್ವೀಡನ್. ರೋನಾ ನಾಯಕಿ. ಉಜ್ಜುವವರಲ್ಲಿ ಒಬ್ಬಳು ನೆಟ್ಟಾ, ಆಗ ಅವಳಿಗೆ ಮೂವತ್ತೆಂಟು. ಕೊನೆಯ ಕಲ್ಲುಗಳನ್ನು ಎಸೆಯುತ್ತಿದ್ದವಳು ವಿಲ್ಮಾ ಎನ್ನುವ ಗೆಳತಿ. ಆಟ ಸಮಸಮ ಬಂದು ಕಟ್ಟಕಡೆಯ ಒಂದು ಕಲ್ಲಿನ ಮೇಲೆ ನಿಂತಿತು. ಕಲ್ಲು ಮನೆಯ ನಡುವಿಗೆ ಬಂದರೆ ಚಿನ್ನ, ಇಲ್ಲದಿದ್ದರೆ ಬೆಳ್ಳಿ. ವಿಲ್ಮಾ ಕಲ್ಲು ಬಿಟ್ಟಳು. ನೆಟ್ಟಾ ಜೀವದ ಹಂಗು ಬಿಟ್ಟು ಉಜ್ಜುತ್ತ ಓಡಿದಳು. ಅರ್ಧ ದಾರಿಯಲ್ಲಿ ಪೊರಕೆಯ ತುದಿಯಲ್ಲಿ ಟಿಕ್ ಎಂದು ಏನೋ ತಾಗಿದ ಹಾಗಾಯಿತು. ಯೋಚಿಸಲು ಹೊತ್ತೆಲ್ಲಿತ್ತು? ಕೈ ತಾನಾಗಿಯೇ ಮೇಲಕ್ಕೆ ಹೋಯಿತು. "ನಾನು ತಾಗಿಸಿದೆ" ಎಂದು ಕೂಗಿ, ಓಡುತ್ತಿದ್ದ ಕಲ್ಲನ್ನು ತನ್ನ ಕಾಲಿನಿಂದಲೇ ತಡೆದು ನಿಲ್ಲಿಸಿದಳು. ಚಿನ್ನ ಸ್ವೀಡನ್ನಿಗೆ ಹೋಯಿತು.

ಆಮೇಲೆ ನಡೆದದ್ದು ಹೇಳತೀರದು. ಸ್ವೀಡನ್ನಿನ ನಾಯಕಿ ಬಂದು ತಬ್ಬಿಕೊಂಡಳು. ಪತ್ರಿಕೆಗಳು ಗೆದ್ದವರ ಫೋಟೋ ಚಿಕ್ಕದಾಗಿ, ಇವಳ ಫೋಟೋ ದೊಡ್ಡದಾಗಿ ಹಾಕಿದವು. ಪಾದ್ರಿ ಎರಡು ಭಾನುವಾರ ಇವಳ ಮೇಲೆಯೇ ಪ್ರವಚನ ಮಾಡಿದರು. ಪ್ರಾಮಾಣಿಕತೆಗೆಂದು ಒಂದು ಪದಕ ಬಂತು, ಅದನ್ನು ಊರಿನ ಕರ್ಲಿಂಗ್ ಹಾಲಿನ ಗಾಜಿನ ಕಪಾಟಿನಲ್ಲಿ ಇಟ್ಟರು.

ಊರಿಗೆ ಮರಳಿ ಎಂಟು ದಿನವಾಗಿತ್ತು. ನೆಟ್ಟಾ ಆಟದ ಚೀಲ ಬಿಚ್ಚಿ ಪೊರಕೆ ತೆಗೆದು, ಶೆಡ್ಡಿನ ಸಿಮೆಂಟ್ ನೆಲಕ್ಕೆ ಊರಿ ಸುಮ್ಮನೆ ಒಮ್ಮೆ ಒತ್ತಿದಳು. ಟಿಕ್ ಎಂದಿತು. ಮತ್ತೆ ಒತ್ತಿದಳು. ಮತ್ತೆ ಟಿಕ್. ಕೋಲಿಗೂ ತಲೆಗೂ ನಡುವಿನ ತಿರುಪು ಸಡಿಲವಾಗಿತ್ತು. ಅಲ್ಲಿ ಕಲ್ಲೂ ಇರಲಿಲ್ಲ, ಏನೂ ಇರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಕುಂಬಳಕಾಯಿಯನ್ನು ಕಣ್ಣಿಂದಲೂ ನೋಡದೆ ಹೆಗಲು ಮುಟ್ಟಿಕೊಂಡವಳು ಇವಳೊಬ್ಬಳೇ ಇರಬೇಕು. ತಾಗಿತ್ತೋ, ತಾಗಿರಲಿಲ್ಲವೋ? ಖಚಿತವಾಗಿ ಹೇಳಲು ಅವಳಿಗೇ ಆಗಲಿಲ್ಲ. ಪೊರಕೆಯನ್ನು ಸಂತೆಯ ಕಸದ ತೊಟ್ಟಿಯಲ್ಲಿ ಹುಲ್ಲಿನ ಅಡಿಗೆ ತುರುಕಿ ಬಂದಳು. ಅನುಮಾನವನ್ನು ತುರುಕಲು ತೊಟ್ಟಿ ಸಿಗಲಿಲ್ಲ.

ಅವಳನ್ನು ತಿಂದದ್ದು ಪದಕವಲ್ಲ, ಪತ್ರಿಕೆಯಲ್ಲ. ಅಕ್ಕ. ರೋನಾ ನಾಲ್ಕು ವರ್ಷ ದೊಡ್ಡವಳು, ಗುಡ್ಡದ ಮೇಲಿನ ಫಾರಮ್ಮಿನಲ್ಲಿ ನಾನೂರು ಕುರಿ ಸಾಕುವವಳು, ಗಂಡ ತೀರಿಕೊಂಡ ಮೇಲೂ ಒಬ್ಬಳೇ ನಿಭಾಯಿಸಿದವಳು. ಅವಳು ಗುಡ್ಡದ ಮೇಲೆ ನಾಯಿಯನ್ನು ಕರೆದರೆ ಊರಿನ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ನಾರ್ವೆಯಿಂದ ಬಂದ ಮುಂದಿನ ಚಳಿಗಾಲವೇ ರೋನಾಳ ಮಂಡಿ ಕೈಕೊಟ್ಟಿತು, ಆಟ ನಿಂತೇ ಹೋಯಿತು. ಅಂದರೆ ಅವಳ ಬದುಕಿನಲ್ಲಿ ಚಿನ್ನ ಒಮ್ಮೆ ಮಾತ್ರ ಹತ್ತಿರ ಬಂದಿತ್ತು. ಅದನ್ನು ತಂಗಿ ಕಾಲಿನಿಂದ ತಡೆದು ನಿಲ್ಲಿಸಿದ್ದಳು. ಸತ್ಯಕ್ಕಾಗಿ ಎಂದಾದರೆ ಹೋಗಲಿ. ಒಂದು ಸಡಿಲ ತಿರುಪಿಗಾಗಿ ಎಂದು ಅಕ್ಕನಿಗೆ ಗೊತ್ತಾದರೆ? ಹಾಗೆ ಗೊತ್ತಾದ ದಿನ ತನಗೆ ಅಕ್ಕ ಇರುವುದಿಲ್ಲ ಎಂದು ನೆಟ್ಟಾ ನಂಬಿದ್ದಳು.

ಮೊದಲೆಲ್ಲ ಇಬ್ಬರೂ ಹಾವು ಮುಂಗುಸಿ. ಚಹಾಕ್ಕೆ ಹಾಲು ಮೊದಲೋ ಆಮೇಲೋ ಎನ್ನುವುದರಿಂದ ಹಿಡಿದು ಅಮ್ಮ ಯಾರನ್ನು ಹೆಚ್ಚು ಮುದ್ದು ಮಾಡಿದಳು ಎನ್ನುವವರೆಗೆ ಎಲ್ಲಕ್ಕೂ ಕಚ್ಚಾಡುತ್ತಿದ್ದರು, ಕಚ್ಚಾಡಿದ ಬಾಯಲ್ಲೇ ಒಂದೇ ತಟ್ಟೆಯಿಂದ ಬಿಸ್ಕತ್ತು ತಿನ್ನುತ್ತಿದ್ದರು. ನಾರ್ವೆಯ ನಂತರ ಜಗಳ ನಿಂತಿತು. ಅದರ ಜಾಗದಲ್ಲಿ ಮರ್ಯಾದೆ ಬಂದು ಕೂತಿತು. ಭಾನುವಾರದ ಊಟಕ್ಕೆ ಹೋದರೆ ರೋನಾ "ಇನ್ನೊಂದು ಚೂರು ಆಲೂಗಡ್ಡೆ ಹಾಕ್ಕೊಳ್ತೀಯಾ ನೆಟ್ಟಾ?" ಎನ್ನುವಳು. ನೆಟ್ಟಾ "ಸಾಕಕ್ಕಾ, ತುಂಬಾ ಚೆನ್ನಾಗಿತ್ತು" ಎನ್ನುವಳು. ಆಲೂಗಡ್ಡೆ ತಳ ಹಿಡಿದು ಕರಕಲಾಗಿರುತ್ತಿತ್ತು. ಯಾರಿಗೂ ಸುಳ್ಳು ಹೇಳದ ನೆಟ್ಟಾ ಹೇಳುತ್ತಿದ್ದದ್ದು ಅದೊಂದೇ ಸುಳ್ಳು, ಅದೂ ಪ್ರತಿ ಭಾನುವಾರ. ಸೋಲು ಅಕ್ಕತಂಗಿಯರನ್ನು ಹತ್ತಿರ ತಂದಿತು ಎಂದು ಊರವರು ಮೆಚ್ಚಿದರು. ಜನಕ್ಕೇನು, ಹೊರಗಿನಿಂದ ನೋಡಿದರೆ ಎಲ್ಲ ಮನೆಯ ಪರದೆಯೂ ಚೆಂದವೇ.

ಹೀಗೆ ಇಪ್ಪತ್ತಾರು ವರ್ಷ ಹೋಯಿತು. ಆ ವರ್ಷದ ನವೆಂಬರಿನಲ್ಲಿ ಯೂರೋಪಿನ ಚಾಂಪಿಯನ್‌ಶಿಪ್ಪೇ ಕ್ರಾಸ್‌ಬರ್ನಿಗೆ ಬಂತು. ಗಂಡಸರದು, ಹೆಂಗಸರದು, ಒಟ್ಟು ಇಪ್ಪತ್ತು ತಂಡಗಳು. ಊರಿನ ಎರಡು ಹೋಟೆಲು ಸಾಲದೆ ಮನೆಮನೆಗೂ ಆಟಗಾರರನ್ನು ಹಂಚಿದರು. ಎಸ್ಟೋನಿಯಾದ ನಾಲ್ವರು ಹುಡುಗಿಯರು ಪಾದ್ರಿಯ ಮನೆಯಲ್ಲಿ ಇಳಿದು ಅವರ ಬೆಕ್ಕಿಗೆ ತಿನ್ನಿಸಿ ಮುದ್ದು ಮಾಡಿ ಅದನ್ನು ಕೆಡಿಸಿದರು. ನೆಟ್ಟಾ ಸಂತೆಯ ಕ್ಯಾಂಟೀನಿನ ದೊಡ್ಡ ಪಾತ್ರೆಗಳನ್ನೇ ಕರ್ಲಿಂಗ್ ಹಾಲ್‌ಗೆ ಸಾಗಿಸಿ ಸೂಪು ಮಾಡುವ ಕೆಲಸ ಒಪ್ಪಿಕೊಂಡಳು. ಎಲ್ಲ ಸರಿಯಾಗಿಯೇ ಇತ್ತು, ಫರ್ಗಸ್ ಟೆಲ್ಫರ್ ಎಂಬ ಪುಣ್ಯಾತ್ಮ ಬಾಯಿ ತೆರೆಯುವವರೆಗೆ.

ಫರ್ಗಸ್ ಸ್ಥಳೀಯ ಸಮಿತಿಯ ಕಾರ್ಯದರ್ಶಿ, ಚಿಕ್ಕಂದಿನಲ್ಲಿ ನೆಟ್ಟಾಳ ಸೂಪು ಕುಡಿದೇ ಬೆಳೆದವನು. ಓಡೋಡಿ ಬಂದು ಶುಭಸಮಾಚಾರ ಹೇಳಿದ. ಅಂದಿನ ಫೈನಲನ್ನು ಇಲ್ಲಿಯವರು ತೆಗೆದ ವಿಡಿಯೋದಲ್ಲಿ ನೆಟ್ಟಾಳ ಮುಖ ಮಾತ್ರ ಇತ್ತಲ್ಲ, ಈಗ ನಾರ್ವೆಯಲ್ಲಿ ಒಬ್ಬರ ಹತ್ತಿರ ಇನ್ನೊಂದು ವಿಡಿಯೋ ಸಿಕ್ಕಿದೆಯಂತೆ. ಮೇಲೆ ಛಾವಣಿಯಿಂದ ತೆಗೆದದ್ದು, ಪೂರ್ತಿ ಅಂಗಳ ಕಾಣುತ್ತದಂತೆ. ಶನಿವಾರ ಮಧ್ಯಾಹ್ನ, ಹೆಂಗಸರ ಫೈನಲಿಗೆ ಮೊದಲು, ಎರಡು ಸಾವಿರ ಜನರೆದುರು ದೊಡ್ಡ ಪರದೆಯ ಮೇಲೆ ನಿಧಾನಗತಿಯಲ್ಲಿ ತೋರಿಸುತ್ತಾರಂತೆ. ಅಕ್ಕತಂಗಿ ಇಬ್ಬರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ.

ನೆಟ್ಟಾಳ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಮುಳುಗಿತು. ಬೇಡಪ್ಪ, ಹಳೆಯ ಮುದುಕಿಯರನ್ನು ನೋಡಲು ಯಾರು ಬರುತ್ತಾರೆ, ಆಡುವ ಹುಡುಗಿಯರಿಗೆ ಅಡ್ಡಿಯಾಗುತ್ತದೆ ಎಂದಳು. ಫರ್ಗಸನ ಕಣ್ಣಲ್ಲಿ ನೀರು ಬಂತು. ಎಂಥ ವಿನಯ ಎಂದ. ಮರುದಿನ ಅದು ಊರೆಲ್ಲ ಹಬ್ಬಿತು, ಸ್ಥಳೀಯ ಪತ್ರಿಕೆಯಲ್ಲೂ ಬಂತು. ಅವಳು ಬೇಡ ಎಂದಷ್ಟೂ ಹೆಸರು ಬೆಳೆಯುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೂರು ದಿನ ಬಿಟ್ಟು ಮತ್ತೊಮ್ಮೆ ಫರ್ಗಸನ ಬಳಿ ಹೋದಳು. ಈ ಸಲ ಅಕ್ಕನ ಹೆಸರು ಹೇಳಿ ನೋಡೋಣ ಎಂದುಕೊಂಡಿದ್ದಳು, ರೋನಾಳಿಗೆ ಸೋತ ಆಟ ನೋಡಿದರೆ ನೋವಾಗುತ್ತದೆ ಎಂದು. ಅವಳು ಬಾಯಿ ತೆರೆಯುವ ಮೊದಲೇ ಫರ್ಗಸ್ ನಕ್ಕ.

"ನೆಟ್ಟಾ ಆಂಟಿ, ನಿಮ್ಮಕ್ಕ ನಿನ್ನೆ ಬಂದಿದ್ರು. ಅವ್ರೂ ಬೇಡ ಅಂದ್ರು. ಅದೂ ಸುಮ್ನೆ ಅಲ್ಲ, ಮೇಜು ಗುದ್ದಿ ಹೇಳಿದ್ರು. ಏನು ಮನೆತನ ಆಂಟಿ ನಿಮ್ದು!"

ನೆಟ್ಟಾ ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಅಕ್ಕನಿಗೆ ಗೊತ್ತಿದೆ. ಇನ್ನೇನಿರಲು ಸಾಧ್ಯ? ಮೊದಲಿನಿಂದಲೂ ಗೊತ್ತಿದ್ದು, ತಂಗಿಯ ಮಾನ ಎರಡು ಸಾವಿರ ಜನರೆದುರು ಹೋಗದಿರಲಿ ಎಂದು ಮೇಜು ಗುದ್ದಿದ್ದಾಳೆ. ಆ ತಣ್ಣನೆಯ ಮರ್ಯಾದೆಯ ಅರ್ಥ ಇದೇ. ತಿರಸ್ಕಾರವನ್ನು ಆಲೂಗಡ್ಡೆಯ ಜೊತೆ ಬಡಿಸುತ್ತಿದ್ದಳು, ನಾನು ಸಾಕು ಎನ್ನುತ್ತಿದ್ದೆ. ಹೀಗೆಲ್ಲ ಯೋಚಿಸಿ ನೆಟ್ಟಾ ಆ ವಾರ ಎರಡು ಸಲ ಸೂಪಿಗೆ ಉಪ್ಪು ಹಾಕುವುದನ್ನೇ ಮರೆತಳು. ಡಾಡ್ ಸುಮ್ಮನೆ ಉಪ್ಪಿನ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡ.

ಶುಕ್ರವಾರ ಕೊನೆಯ ಪ್ರಯತ್ನವೆಂದು ಅಕ್ಕನಿಗೆ ಫೋನು ಮಾಡಿ, ಟಗರುಗಳನ್ನು ಕುರಿಗಳ ಜೊತೆ ಬಿಟ್ಟಿರುವ ಸಮಯವಲ್ಲವೇ, ಕೆಲಸ ಬಹಳ ಇರಬಹುದು, ನಾಳೆ ಬರುವ ತೊಂದರೆ ಬೇಡ ಎಂದಳು. ರೋನಾ ಅಷ್ಟೇ ಮೃದುವಾಗಿ, ನಿನಗೂ ಸೂಪಿನ ಕೆಲಸ ಇರುತ್ತದೆ, ನೀನೂ ಬರಬೇಕೆಂದೇನಿಲ್ಲ ಎಂದಳು. ಇಬ್ಬರೂ ಇಷ್ಟಿಷ್ಟು ಥ್ಯಾಂಕ್ಸ್ ಹೇಳಿಕೊಂಡು ಫೋನಿಟ್ಟರು. ಇಬ್ಬರೂ ಶನಿವಾರ ಬಂದರು. ಬಾರದಿದ್ದರೆ ಊರು ಏನೆನ್ನುತ್ತದೆ ಎಂಬ ಭಯ ಇಬ್ಬರಿಗೂ ಇತ್ತು.

ಕರ್ಲಿಂಗ್ ಹಾಲ್ ಜನರಿಂದ ತುಂಬಿ ತುಳುಕುತ್ತಿತ್ತು. ಒದ್ದೆ ಕೋಟುಗಳ ಹಬೆಯಿಂದ ಐಸು ಕೆಡುತ್ತದೆಂದು ಐಸು ನೋಡಿಕೊಳ್ಳುವವನು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೋಟು ಕೊಡವಿಕೊಳ್ಳಿ ಎಂದು ಗದರುತ್ತಿದ್ದ. ಮುಂದಿನ ಸಾಲಿನಲ್ಲಿ ಅಕ್ಕತಂಗಿಯರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಫರ್ಗಸ್ ಮೈಕು ಹಿಡಿದು ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳಿದ. ದೀಪ ಮಂಕಾಯಿತು.

ಪರದೆಯ ಮೇಲೆ ಇಪ್ಪತ್ತಾರು ವರ್ಷ ಹಿಂದಿನ ಬಿಳಿ ಅಂಗಳ ಬಂತು. ವಿಲ್ಮಾ ಬಾಗಿದಳು, ಕಲ್ಲು ಬಿಟ್ಟಳು. ಕಲ್ಲಿನ ಮುಂದೆ ತೆಳ್ಳಗಿನ ನೆಟ್ಟಾ ಓಡಿದಳು. ಎಲ್ಲವೂ ನೀರಿನೊಳಗೆ ನಡೆದ ಹಾಗೆ ನಿಧಾನ. ನೆಟ್ಟಾ ಕಣ್ಣು ಮುಚ್ಚಬೇಕೆಂದುಕೊಂಡಳು, ಆಗಲಿಲ್ಲ. ಪೊರಕೆಗೂ ಕಲ್ಲಿಗೂ ನಡುವೆ ಐಸು ಕಾಣುತ್ತಿತ್ತು. ನಾಲ್ಕು ಬೆರಳಷ್ಟು ಐಸು, ಬೆಳ್ಳಗೆ, ಸ್ಪಷ್ಟವಾಗಿ. ಮೊದಲಿಂದ ಕೊನೆಯವರೆಗೆ ಆ ನಾಲ್ಕು ಬೆರಳು ಹಾಗೆಯೇ ಇತ್ತು. ಪರದೆಯ ಮೇಲಿನ ಕೈ ಮೇಲೆ ಹೋಯಿತು.

ಎರಡು ಸಾವಿರ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರೆಲ್ಲ ಕೈ ನೋಡಿದರು, ಪೊರಕೆಯನ್ನು ಒಬ್ಬರೂ ನೋಡಲಿಲ್ಲ. ಮೆಚ್ಚಲು ಬಂದವರ ಕಣ್ಣು ಹಾಗೆಯೇ. ನೆಟ್ಟಾ ಮೆಲ್ಲಗೆ ಪಕ್ಕಕ್ಕೆ ತಿರುಗಿದಳು. ರೋನಾಳ ಮುಖ ಬೂದಿಯಾಗಿತ್ತು.

"ಶೂ ಕೋಣೆಗೆ ಬಾ," ಎಂದಳು ರೋನಾ.

ಆಟಗಾರರು ಶೂ ಬದಲಿಸುವ ಕೋಣೆ ಆ ಹೊತ್ತಿಗೆ ಖಾಲಿ ಇತ್ತು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತರು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಇನ್ನು ತಡೆದುಕೊಂಡು ನೆಟ್ಟಾಳಿಗೆ ಪ್ರಯೋಜನವಿರಲಿಲ್ಲ.

"ನೋಡಿದ್ಯಲ್ಲ ಅಕ್ಕಾ."

"ನೋಡ್ದೆ. ನೀನೂ ನೋಡಿದ್ಯಲ್ಲ."

"ನೋಡ್ದೆ. ನನ್ನ ಕ್ಷಮಿಸು."

ರೋನಾ ತಲೆ ಎತ್ತಿದಳು. "ನೀನ್ಯಾಕೆ ಕ್ಷಮೆ ಕೇಳ್ತೀಯಾ?"

"ತಾಗಿರ್ಲಿಲ್ಲ ಅಕ್ಕಾ. ಪೊರಕೆ ತಲೆ ಸಡಿಲ ಆಗಿತ್ತು. ಊರಿಗೆ ಬಂದ್ಮೇಲೆ ಗೊತ್ತಾಯ್ತು. ನಿಂಗೆ ಹೇಳೋ ಧೈರ್ಯ ಬರ್ಲಿಲ್ಲ. ನಿನ್ನ ಚಿನ್ನ ನಾನು ಸುಮ್ಸುಮ್ನೆ ಕಳೆದುಬಿಟ್ಟೆ."

"ತಾಗಿರ್ಲಿಲ್ಲ ಅನ್ನೋದು ನಂಗೆ ಅವತ್ತೇ ಗೊತ್ತಿತ್ತು," ಎಂದಳು ರೋನಾ. "ತಾಗಿದ್ರೆ ಕಲ್ಲಿನ ಹಿಡಿ ಅಲುಗುತ್ತೆ. ನಾನು ಎದುರಿಗೇ ನಿಂತಿದ್ದೆ. ಅಲುಗಲಿಲ್ಲ."

ನೆಟ್ಟಾಳಿಗೆ ಅರ್ಥವಾಗಲಿಲ್ಲ. ಅವತ್ತೇ ಗೊತ್ತಿದ್ದರೆ ಈಗ ಈ ಮುಖ ಯಾಕೆ? "ಮತ್ತೆ ನೀನು ಈಗ ಪರದೆ ಮೇಲೆ ನೋಡಿದ್ದೇನು?"

"ನನ್ನ ಪೊರಕೆ."

ರೋನಾ ಹೇಳಿದಳು. ಗುಡ್ಡದ ಮೇಲೆ ಕೂಗುವ ಆ ಗಂಟಲು ಈಗ ಪಕ್ಕದವರಿಗೆ ಮಾತ್ರ ಕೇಳುವಷ್ಟಿತ್ತು. ಕೊನೆಯ ಕಲ್ಲಿಗೆ ಮೊದಲು ವಿಲ್ಮಾ ಆ ತುದಿಯಿಂದಲೇ ಕೈ ಮಾಡಿ ತೋರಿಸಿದ್ದಳು, ಬಲಗಡೆಯ ಐಸು ಸಂಜೆಯಿಂದ ನೇರ ಓಡುತ್ತಿದೆ, ಕಲ್ಲು ಅಷ್ಟೊಂದು ಬಾಗುವುದಿಲ್ಲ ಎಂದು. ರೋನಾ ತಲೆಯಾಡಿಸಿ ಹಟದಿಂದ ಪೊರಕೆಯನ್ನು ಒಂದು ಮೊಳ ಹೆಚ್ಚು ಪಕ್ಕಕ್ಕೇ ಊರಿದಳು. ನೆಟ್ಟಾ ಆಗ ಬಗ್ಗಿ ಐಸಿನ ಮೇಲಿನ ಕಸ ತೆಗೆಯುತ್ತಿದ್ದಳು, ಏನೂ ನೋಡಿರಲಿಲ್ಲ. ಛಾವಣಿಯ ಕ್ಯಾಮೆರಾ ಎಲ್ಲವನ್ನೂ ನೋಡಿತ್ತು.

"ಕಲ್ಲು ಬಾಗಲೇ ಇಲ್ಲ ಕಣೇ. ಅರ್ಧ ದಾರಿಗೇ ಗೊತ್ತಾಯ್ತು, ಮನೆ ಹೊರಗೇ ಹೋಗುತ್ತೆ ಅಂತ. ನೀನು ಎಷ್ಟು ಉಜ್ಜಿದ್ರೂ ಬರ್ತಿರ್ಲಿಲ್ಲ. ಇಡೀ ದೇಶ ನನ್ನ ಹೆಸರು ಹಿಡಿದು ಉಗಿಯುತ್ತೆ ಅಂದ್ಕೊಂಡೆ. ಅಷ್ಟರಲ್ಲಿ ನೀನು ಕೈ ಎತ್ತಿದೆ. ದೇವರಾಣೆ ನೆಟ್ಟಾ, ನಂಗೆ ಹೋದ ಜೀವ ಬಂತು."

ಅವಳು ನೆಲ ನೋಡುತ್ತಲೇ ಮುಂದುವರಿದಳು. "ತಾಗಿಲ್ಲ ಬಿಡು ಅಂತ ಅವತ್ತು ಸಂಜೆ ಆದ್ರೂ ಹೇಳ್ಬಹುದಿತ್ತು. ಹೇಳಲಿಲ್ಲ. ಎಲ್ಲಾರೂ ನಿನ್ನ ಕೈ ನೋಡ್ತಿದ್ರು, ನಾನು ಅದರ ಹಿಂದೆ ಬಚ್ಚಿಟ್ಕೊಂಡೆ. ವಿಲ್ಮಾ ನ್ಯೂಜಿಲೆಂಡಿಗೆ ಹೋಗೋವರ್ಗೂ ಬಾಯಿ ಬಿಡ್ಲಿಲ್ಲ, ಪುಣ್ಯಾತ್ಗಿತ್ತಿ. ಪ್ರತಿ ಭಾನುವಾರ ನೀನು ಮರ್ಯಾದೆಯಾಗಿ ಮಾತಾಡೋದು ನೋಡಿ, ನಿಂಗೆ ಗೊತ್ತಾಗಿದೆ, ಹೇಳ್ತಿಲ್ಲ ಅಷ್ಟೆ ಅಂತ ಅಂದ್ಕೊಳ್ತಿದ್ದೆ."

ನೆಟ್ಟಾಳಿಗೆ ಈಗ ಅರ್ಥವಾಯಿತು. ಅಕ್ಕನ ಚಿನ್ನ ತನ್ನಿಂದ ಹೋಗಿರಲಿಲ್ಲ. ಕಲ್ಲು ಹೇಗೂ ಹೊರಗೆ ಹೋಗುತ್ತಿತ್ತು. ಅಕ್ಕ ದ್ವೇಷಿಸುತ್ತಿರಲಿಲ್ಲ, ಹೆದರುತ್ತಿದ್ದಳು. ಎದೆಯ ಮೇಲಿನ ಭಾರ ಇಳಿದು ಉಸಿರು ಹೊಟ್ಟೆಯ ತಳದವರೆಗೆ ಹೋಯಿತು, ಎಷ್ಟೋ ವರ್ಷದಿಂದ ಹೋಗದಿದ್ದ ಕಡೆಗೆ. ಕಣ್ಣಲ್ಲಿ ನೀರು ಬಂತು, ಜೊತೆಗೇ ನಗುವೂ ಬಂತು. ಉಸಿರು ಸರಿಯಾದ ಮೇಲೆ, ಅದರ ಬೆನ್ನಿಗೇ ಕೋಪ ಬಂತು.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಇಪ್ಪತ್ತಾರು ವರ್ಷ ನಿನ್ನೆ ಪೈನ ನಿನ್ನೇದು ಅಂತ ಹೇಳ್ಕೊಂಡು ಬಂದಿದೀನಿ. ಬೆಳಿಗ್ಗೆ ಐದಕ್ಕೆ ಎದ್ದಿದೀನಿ. ನೀನು ಗುಡ್ಡದ ಮೇಲೆ ಬೆಚ್ಚಗೆ ಮಲ್ಕೊಂಡಿದ್ದೆ."

"ಕುರಿ ಸಾಕೋಳು ಐದು ಗಂಟೆಗೆ ಬೆಚ್ಚಗೆ ಮಲ್ಗಿರ್ತಾಳಾ? ಬಾಯಿಗೆ ಬಂದಿದ್ದು ಹೇಳ್ಬೇಡ."

"ನಿನ್ನ ಆಲೂಗಡ್ಡೆ ಕರಕಲು," ಎಂದಳು ನೆಟ್ಟಾ. "ಯಾವಾಗ್ಲೂ ಕರಕಲೇ. ಒಂದು ಭಾನುವಾರನೂ ಸರಿಯಾಗಿ ಬೇಯಿಸ್ಲಿಲ್ಲ."

ರೋನಾಳ ಬೆನ್ನು ನೆಟ್ಟಗಾಯಿತು. ಬೂದಿ ಬಣ್ಣದ ಮುಖಕ್ಕೆ ಕೆಂಪು ಏರಿತು. ತನ್ನ ಆಲೂಗಡ್ಡೆಯ ವಿಷಯ ಎತ್ತುವವಳು ತನ್ನ ಮನೆಯ ನೀಲಿ ಪರದೆ ನೋಡಿಕೊಳ್ಳಲಿ, ಅದು ಆಸ್ಪತ್ರೆಯಲ್ಲಿ ತೂಗುಹಾಕುವಂಥದು ಎಂದಳು. ನೆಟ್ಟಾ, ಅಮ್ಮನ ಗಡಿಯಾರ ಯಾರ ಗೋಡೆಯ ಮೇಲಿದೆ, ಯಾರ ಗೋಡೆಯ ಮೇಲಿರಬೇಕಿತ್ತು ಎಂದು ಕೇಳಿದಳು. ರೋನಾ, ಡಾಡ್ ಮಾತಾಡದಿರುವುದಕ್ಕೆ ಕಾರಣ ಯಾರೆಂದು ಊರಿಗೆಲ್ಲ ಗೊತ್ತು ಎಂದಳು. ಕಾಲು ಶತಮಾನದ ಬಾಕಿ ಜಗಳ ಒಟ್ಟಿಗೆ ಬಂದದ್ದರಿಂದ ಯಾವುದನ್ನು ಮೊದಲು ಆಡಬೇಕೆಂದು ತಿಳಿಯದೆ ಇಬ್ಬರೂ ಒಟ್ಟೊಟ್ಟಿಗೆ ಆಡಿದರು. ಗುಡ್ಡದ ಗಂಟಲು ಮರಳಿ ಬಂದಿತ್ತು. ಬಾಗಿಲು ತೆರೆದು ಒಬ್ಬ ಕಾರ್ಯಕರ್ತ ಇಣುಕಿ, ಎಲ್ಲ ಕ್ಷೇಮವೇ ಎಂದು ಕೇಳಿದ. ಬಾಗಿಲು ಹಾಕು ಎಂದು ಇಬ್ಬರೂ ಒಂದೇ ಸ್ವರದಲ್ಲಿ ಹೇಳಿದರು.

ಆಮೇಲೆ ಸುಸ್ತಾಗಿ ಕೂತರು. ಬೆಂಚಿನ ಎರಡು ತುದಿಗಳಿಂದ ಯಾವಾಗಲೋ ನಡುವಿಗೆ ಬಂದಿದ್ದರು.

"ಪದಕ ವಾಪಸ್ ಕೊಟ್ಬಿಡ್ತೀನಿ," ಎಂದಳು ನೆಟ್ಟಾ. "ಈಗಲೇ ಹೋಗಿ ಮೈಕಲ್ಲಿ ಹೇಳ್ತೀನಿ, ತಾಗಿರ್ಲಿಲ್ಲ ಅಂತ."

"ಹೋಗಿ ಹೇಳು. ಹಾಗೆ ಹೇಳಿದ್ದಕ್ಕೆ ಇನ್ನೊಂದು ಪದಕ ಕೊಡ್ತಾರೆ. ಪಾದ್ರಿ ಇನ್ನೆರಡು ಭಾನುವಾರ ಕೊರೀತಾರೆ. ಕತ್ತೆ."

ನೆಟ್ಟಾ ಯೋಚಿಸಿ ನೋಡಿದಳು. ಅಕ್ಕ ಹೇಳಿದ್ದು ನಿಜವಾಗಿತ್ತು. ಆದರೂ ಹೇಳದೆ ಬಿಡುವ ಜಾಯಮಾನ ಅವಳದಲ್ಲ, ಸೋಮವಾರ ಫರ್ಗಸನಿಗೊಂದು ಕಾಗದ ಬರೆಯುತ್ತೇನೆ ಎಂದಳು. ರೋನಾ ತಾನೂ ಒಂದು ಸಾಲು ಸೇರಿಸುತ್ತೇನೆ, ಒಂದು ಮೊಳದ ವಿಷಯ, ಎಂದಳು. ಕಾಗದ ಯಾರ ಕೈಬರಹದಲ್ಲಿರಬೇಕು ಎನ್ನುವುದಕ್ಕೆ ಮತ್ತೆ ಐದು ನಿಮಿಷ ಹಿಡಿಯಿತು.

ನೆಟ್ಟಾ ಮನೆಗೆ ಬಂದಾಗ ಕತ್ತಲಾಗುತ್ತಿತ್ತು, ನವೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೇ ಕತ್ತಲು. ಡಾಡ್ ಒಲೆಯ ಮುಂದೆ ಪತ್ರಿಕೆ ಹಿಡಿದು ಕೂತಿದ್ದ. ಫೈನಲಿನಲ್ಲಿ ಯಾರು ಗೆದ್ದರು ಎಂದು ಕೇಳಿದ. ಗೊತ್ತಿಲ್ಲ, ನೋಡಲಿಲ್ಲ ಎಂದಳು. ಕೋಟನ್ನೂ ತೆಗೆಯದೆ ಅವನ ಎದುರಿನ ಕುರ್ಚಿಯಲ್ಲಿ ಕೂತಳು, ಮುಖವೆಲ್ಲ ಅತ್ತು ಊದಿಕೊಂಡಿತ್ತು.

"ಡಾಡ್, ಅಕ್ಕ ನನ್ನನ್ನ ಕತ್ತೆ ಅಂದ್ಲು."

ಡಾಡ್ ಪತ್ರಿಕೆಯನ್ನು ಕೆಳಗಿಳಿಸಿದ.

"ಎಷ್ಟು ಸಲ?"

"ನಾಲ್ಕು ಸಲ. ಕಾರು ಹತ್ತೋವಾಗ ಇನ್ನೊಂದು ಸಲ."

ಅವನು ಕನ್ನಡಕ ತೆಗೆದು ಮಡಿಚಿ ಜೇಬಿಗೆ ಹಾಕಿಕೊಂಡ. ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ಸದ್ಯ," ಎಂದ.